ದೊಡ್ಡ ಕುಳ ಹಣಿಸಿದ್ದು

ದೇವರು ದೊಡ್ಡ ದೊಡ್ಡ ಉಪಕಾರಗಳನ್ನೆಲ್ಲ ದೊಡ್ಡವರಿಗೆ ಮಾಡಿ, ನನ್ನ ಪಾಲಿಗೆ ಸಣ್ಣಪುಟ್ಟವನ್ನು ಎತ್ತಿಟ್ಟಿದ್ದಾನೆ ಎಂಬುದು ನನಗೆ ಬಹಳ ದಿನದಿಂದ ಗೊತ್ತು. ಇದು ದೂರಲ್ಲ. ಸಣ್ಣಪುಟ್ಟವುಗಳಿಂದಲೇ ಸಂಸಾರ ನಡೆಯುವುದು. ಹಸಿ ಸೌದೆ ಒಂದೇ ಊದಿಗೆ ಹತ್ತಿಕೊಂಡರೆ ಅದೊಂದು ಉಪಕಾರ. ಹಾಲು ಉಕ್ಕುವ ಮೊದಲೇ ಕಣ್ಣಿಗೆ ಬಿದ್ದರೆ ಇನ್ನೊಂದು. ಮಡಿಸೀರೆ ಒಣಗುವ ತನಕ ಮಳೆ ತಡೆದರಂತೂ ಅದನ್ನು ಸಣ್ಣದು ಎನ್ನಲು ನನಗೆ ಬಾಯಿ ಬಾರದು. ಸಂಜೆ ದೀಪ ಹಚ್ಚಿ ಕೂತಾಗ ಇವನ್ನೆಲ್ಲ ನೆನೆದು, "ಇವತ್ತಿಗೆ ಇಷ್ಟು ಮುಟ್ಟಿತಪ್ಪ ನರಸಿಂಹಸ್ವಾಮಿ" ಎಂದು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನಮ್ಮವರು ಅದನ್ನು ಕೇಳಿಸಿಕೊಂಡು, "ನೀನು ದೇವರಿಗೆ ನಮಸ್ಕಾರ ಮಾಡ್ತೀಯೋ, ರಸೀತಿ ಕೊಡ್ತೀಯೋ?" ಎಂದು ಹಾಸ್ಯ ಮಾಡುತ್ತಾರೆ. ಮಾಡಲಿ. ಮೇಷ್ಟರಾದವರಿಗೆ ಮನೆಯಲ್ಲಿ ನಗುವುದಕ್ಕೆ ಏನಾದರೂ ಬೇಕು. ಶಾಲೆಯಲ್ಲಿ ನಗುವ ಹಾಗಿಲ್ಲ. ಈಗ ನಾನು ಹೇಳಹೊರಟಿರುವುದು, ಆ ಉಪಕಾರಗಳ ನಡುವೆ ಒಂದು ಮಾತು, ಹೌದು, ಬರೀ ಒಂದು ಮಾತು ಬಂದು ಕೂತ ಬಗೆ.

ಆ ಮಾತು 'ಹಣಿಸು'. ನಾನು ಹುಟ್ಟಿ ಬೆಳೆದದ್ದು ಮಳವಳ್ಳಿ ಸೀಮೆಯಲ್ಲಿ, ಬಂಡೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮ ತಂದೆ ಶಾನುಭೋಗಿಕೆ ಮಾಡಿಕೊಂಡಿದ್ದರು. ನಮ್ಮ ಹಿತ್ತಿಲಿಗೆ ಎದುರಾಗಿ ಆಚಾರಿಯ ಕುಲುಮೆ. ತಿದಿಯ ಉಸಿರು, ಸುತ್ತಿಗೆಯ ಸದ್ದು ಕೇಳದೆ ನಾನು ಎದ್ದ ಬೆಳಗೇ ಇಲ್ಲ ಎನ್ನಬಹುದು. ನೇಗಿಲ ತುದಿಗೆ ಹಾಕುವ ಕಬ್ಬಿಣಕ್ಕೆ ಕುಳ ಎನ್ನುತ್ತಾರಷ್ಟೆ. ಆ ಕುಳ ಕಲ್ಲು ನೆಲಕ್ಕೆ ತಿಕ್ಕಿ ತಿಕ್ಕಿ ಸವೆದು, ಮೊನೆ ಹೋಗಿ ಮೊಂಡಾದಾಗ, ಅದನ್ನು ಕುಲುಮೆಗೆ ಒಯ್ದು, ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿಸಿ, ಮೊನೆ ಎಳೆಸಿ, ನೀರಿಗೆ ಅದ್ದಿಸಿ ತರುವುದಕ್ಕೆ ಹಣಿಸುವುದು ಎಂದು ಹೆಸರು. ಕುಳ, ಗುದ್ದಲಿ, ಕುಡುಗೋಲು ಎಲ್ಲಕ್ಕೂ ಇದೇ ಮಾತು. ನಮ್ಮ ಕಡೆಯ ಒಕ್ಕಲಮಕ್ಕಳು ಹಕಾರವನ್ನು ಅಷ್ಟಾಗಿ ಬಾಯಿಗೆ ಹಾಕಿಕೊಳ್ಳುವುದಿಲ್ಲವಾದ್ದರಿಂದ ಅವರ ನಾಲಿಗೆಯಲ್ಲಿ ಅದು 'ಅಣಿಸು'. ಹರಿತ ಮಾಡುವುದರಲ್ಲಿ ಬೇರೆ ಬಗೆಗಳೂ ಉಂಟು. ಮನೆಯಲ್ಲೇ ಕಲ್ಲಿಗೆ ಉಜ್ಜಿಕೊಂಡರೆ ಅದು ಮಸೆಯುವುದು. ಬೀದಿಯಲ್ಲಿ ಚಕ್ರ ಹೊತ್ತುಕೊಂಡು ಬರುವವನಿಗೆ ಕೊಟ್ಟರೆ ಅದು ಸಾಣೆ ಹಿಡಿಸುವುದು. ಇವೆರಡಕ್ಕೂ ಬಗ್ಗದೆ ಹೋದದ್ದನ್ನು ಹಣಿಸಬೇಕು. ಮನುಷ್ಯರಲ್ಲೂ ಹೀಗೇ ಎಂದು ನನಗೆ ಎಷ್ಟೋ ಸಲ ತೋರಿದೆ. ನನ್ನ ದೊಡ್ಡ ನಾದಿನಿಗೆ ಒಂದು ಸಲ ಮೆಲ್ಲಗೆ ಹೇಳಿದರೆ ಸಾಕು, ಮಸೆದ ಹಾಗಾಗುತ್ತಾಳೆ. ಚಿಕ್ಕವಳಿಗೆ ಸಾಣೆಯ ಕಿಡಿ ಹಾರಬೇಕು. ನಮ್ಮವರ ವಿಷಯ ಇಲ್ಲಿ ಬೇಡ.

ನಮ್ಮವರು ಮೈಸೂರಿನ ಅಗ್ರಹಾರದವರು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, "ಈಳಿಗೆ ತೀರ ಮೊಂಡಾಗಿದೆ, ಹಣಿಸಬೇಕು" ಎಂದೆ. ಅವರು ಗಾಬರಿಯಿಂದ ಕತ್ತೆತ್ತಿ, "ಯಾರನ್ನ?" ಎಂದರು. ಈಳಿಗೆಯನ್ನು ಎಂದದ್ದಕ್ಕೆ, "ಹಣಿಯೋದು ಅಂದ್ರೆ ಹೊಡೆಯೋದು, ಸದೆಬಡಿಯೋದು. ಪಾಪ, ಈಳಿಗೆ ಏನು ಮಾಡಿತ್ತು?" ಎಂದು ನಕ್ಕರು. ಅತ್ತೆಯವರೂ ನಕ್ಕರು. ಆಮೇಲೆ ಎಷ್ಟೋ ವರ್ಷ ನಮ್ಮ ಮನೆಯಲ್ಲಿ ನನ್ನ ತವರಿನ ಮಾತಿಗೆಲ್ಲ ಅದೊಂದು ಉದಾಹರಣೆಯಾಯಿತು. ಸಾರಿಗೆ ಉಪ್ಪು ಹೆಚ್ಚಾದರೆ, "ಸ್ವಲ್ಪ ಹಣಿಸಬೇಕಾಗಿತ್ತು" ಎನ್ನುವರು. ನಾನು ತುಟಿ ಬಿಗಿಹಿಡಿದುಕೊಂಡು ಬಡಿಸುತ್ತಿದ್ದೆ. ತುಟಿ ಬಿಗಿಹಿಡಿಯುವ ಶಕ್ತಿ ಕೊಟ್ಟದ್ದೂ ಒಂದು ಉಪಕಾರವೇ.

ಹೋದ ವರ್ಷ ಮುಂಗಾರಿನಲ್ಲಿ ನಡೆದ ಸಂಗತಿಗೆ ಬರುತ್ತೇನೆ. ನಾವು ಈಗಿರುವುದು ಮದ್ದೂರಿನಲ್ಲಿ. ನಾಲೆಯಲ್ಲಿ ನೀರು ಬಂದು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಹೊಗೆ ಎದ್ದ ಮೇಲೆ ಈ ಸೀಮೆಯ ಮಣ್ಣಿಗೆ ಎಲ್ಲಿಲ್ಲದ ಬೆಲೆ ಬಂದಿದೆ. ಬೆಂಗಳೂರು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಪುಟ್ಟರಂಗಪ್ಪನವರು ಹೀಗೇ ಬಂದು, ಜಮೀನು ಹಿಡಿದು, ನಮ್ಮ ಪಕ್ಕದ ಮನೆಯನ್ನೇ ಕೊಂಡು ನೆಲೆಸಿದರು. ಒಳ್ಳೆಯ ಮನುಷ್ಯರು, ಆದರೆ ಪೈರಿಗೂ ಕಳೆಗೂ ವ್ಯತ್ಯಾಸ ಕೇಳಿ ತಿಳಿಯಬೇಕು. ಮೂಗು ಮಾತ್ರ ಸ್ವಲ್ಪ ಗಿಡ್ಡ, ತುದಿ ಚಪ್ಪಟೆ. ಬೀದಿಯವರು ಹಿಂದಿನಿಂದ ಅವರನ್ನು 'ದೊಡ್ಡ ಕುಳ' ಎನ್ನುತ್ತಿದ್ದರು, ಭಾರಿ ಆಸಾಮಿ ಎಂಬ ಅರ್ಥದಲ್ಲಿ. ಅದು ಅವರ ಕಿವಿಗೂ ಬಿದ್ದಿತ್ತು. ಬಿದ್ದದ್ದು ಅವರಿಗೆ ಸಂತೋಷವೇ ಆಗಿತ್ತು ಎಂದು ಅವರ ಹೆಂಡತಿಯೇ ನನ್ನ ಹತ್ತಿರ ಹೇಳಿದ್ದಾರೆ.

ನಮಗೂ ನಿಡಘಟ್ಟದ ದಾರಿಯಲ್ಲಿ ಒಂದು ತುಂಡು ಹೊಲವಿದೆ. ಅದನ್ನು ಚಿಕ್ಕೇಗೌಡ ವಾರಕ್ಕೆ ಮಾಡುತ್ತಾನೆ. ಬಂದ ರಾಗಿಯಲ್ಲಿ ಅವನಿಗಷ್ಟು, ನಮಗಿಷ್ಟು. ಅವನಿಗೆ ಬೇರೆ ನೆಲವಿಲ್ಲ. ಆ ಹೊಲ ಬೆಳೆದರೆ ಅವನ ಮನೆಯಲ್ಲಿ ಮುದ್ದೆ ತಿರುಗುತ್ತದೆ, ಇಲ್ಲದಿದ್ದರೆ ಇಲ್ಲ. ಪುಟ್ಟರಂಗಪ್ಪನವರು ಕೊಂಡ ಜಮೀನು ಇದರ ಪಕ್ಕದ್ದೇ. ಅವರ ಗಾಡಿ ಓಡಾಡುವುದಕ್ಕೆಂದು ನಡುವಣ ಬದುವನ್ನು ಒಂದು ಮೂಲೆಯಲ್ಲಿ ಕಡಿಸಿದರು. ಚಿಕ್ಕೇಗೌಡ ಬೀದಿಯಲ್ಲೇ ನಿಂತು, "ಬದ ಕಡ್ಸಿದ್ದು ಸರಿಯಾ ಸಾವ್ಕಾರ್ರೇ? ಮಳೆ ನೀರೆಲ್ಲಾ ನಿಮ್ಮ ಕಡೀಕೇ ಓಯ್ತದಲ್ಲಾ, ನಾವೇನ್ ಬಾಯಿಗೆ ಮಣ್ಣಾಕ್ಕಳಾದಾ?" ಎಂದು ಕೇಳಿದ. ಸಾಹುಕಾರರು, "ಅಷ್ಟಕ್ಕೆಲ್ಲ ಕೂಗಾಡಬೇಡಪ್ಪ" ಎಂದು ಒಳಗೆ ಹೋದರು. ಅಷ್ಟೇ ಜಗಳ. ಆದರೆ ಅಷ್ಟನ್ನೂ ಬೀದಿ ನೋಡಿತ್ತು.

ಅದಾದ ಕೆಲವೇ ದಿನಕ್ಕೆ ಮಳೆ ಹುಯ್ಯಿತು. ಬಹಳ ದಿನ ಕಾಯಿಸಿ ಬಂದ ಮಳೆ. ಮಾರನೆಯ ಸಂಜೆ ಚಿಕ್ಕೇಗೌಡ ಹಿತ್ತಿಲ ಬಾಗಿಲಿಗೆ ಓಡಿಬಂದ. ಅವನ ಹತ್ತಿರ ಎರಡು ಕುಳಗಳಿದ್ದವು: ಚಿಕ್ಕದು ಬಿತ್ತನೆಗೆ, ದೊಡ್ಡದು ಮೊದಲ ಉಳುಮೆಗೆ.

"ಅಮ್ಮಾರೇ, ಹದ ಅಂದ್ರೆ ಹದ, ಬೆಣ್ಣೆ ಕೂತಂಗೆ ಕೂತದೆ. ನಾಳೀಕೆ ಉತ್ತುಬುಡಬೇಕು. ಬಿಸ್ಲು ಏನಾರ ಬಿತ್ತೋ, ನಾಳಿದ್ಕೆ ನೆಲ ಕಲ್ಲಾಯ್ತದೆ. ಒತಾರೆಗೇ ಎದ್ದು ಆ ದೊಡ್ಡ ಕುಳ ಅಣಿಸ್ಬುಡ್ತೀನಿ. ಅದ್ರ ಮೂತಿ ಮೊಂಡಾಗೋಗದೆ. ಕೆಂಪಗೆ ಕಾಯ್ಸಿ ನಾಕು ಬಡುದ್ರೆ ತಾನಾಗಿ ದಾರಿಗೆ ಬತ್ತದೆ."

ಕುಲುಮೆಯಲ್ಲಿ ಜಾಗ ಹಿಡಿಯುವುದಕ್ಕಾಗಿ ಕುಳವನ್ನು ಆಗಲೇ ಅಲ್ಲಿಟ್ಟು ಬರಲು ಹೊರಟಿದ್ದ. ನಾನು ಸಮಯ ನೋಡಿ ನನ್ನ ಈಳಿಗೆಯನ್ನೂ ಗೋಣಿಯಲ್ಲಿ ಸುತ್ತಿ ಕೊಟ್ಟೆ. ಕೊಟ್ಟು, ಈ ಮಾತು ಹೇಳಿದೆ: "ಇದೂ ಇರಲಪ್ಪ. ಚೆನ್ನಾಗಿ ಹರಿತವಾಗಿರಲಿ. ನಾಳೆ ಜನ ಸೇರೋಕೆ ಮೊದಲೇ ಹೋಗಿ ಕೆಲಸ ಮುಗಿಸಿಬಿಡು."

ಗೋಡೆಯಾಚೆ ಪುಟ್ಟರಂಗಪ್ಪನವರು ಮೈಗೆ ಎಣ್ಣೆ ಹಚ್ಚಿಸಿಕೊಂಡು, ಬಚ್ಚಲ ಹೊರಗೆ ಮಣೆಯ ಮೇಲೆ ನೆನೆಯುತ್ತಾ ಕೂತಿದ್ದರು ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಬೆಳಗ್ಗೆ ನಾನು ರಂಗೋಲಿ ಹಾಕುತ್ತಿದ್ದಾಗ ಪಕ್ಕದ ಜಗಲಿಯಲ್ಲಿ ಗದ್ದಲ. ನೋಡಿದರೆ ಪೊಲೀಸ್ ದಫೇದಾರರು ನಿಂತಿದ್ದಾರೆ. ಚಿಕ್ಕೇಗೌಡ ಕೈಕಟ್ಟಿ ನಿಂತಿದ್ದಾನೆ. ಸಾಹುಕಾರರು ಕಂಬಕ್ಕೆ ಒರಗಿ, ಎಣ್ಣೆಯ ಜಿಡ್ಡು ಇಳಿಯದ ಮುಖದಲ್ಲಿ ಕೂತಿದ್ದಾರೆ. ಸ್ನಾನ ಅರ್ಧಕ್ಕೇ ನಿಂತಿತ್ತೆಂದು ಆಮೇಲೆ ತಿಳಿಯಿತು. ದಫೇದಾರರು ಹೊಸಬರು, ಕೋಲಾರದ ಕಡೆಯವರು, ಮನೆಮಾತು ತೆಲುಗು. ಸಾಹುಕಾರರ ದೂರು ಕೇಳಿ ಬಂದು, ಕುಲುಮೆಯ ದಾರಿಯಲ್ಲಿ ಚಿಕ್ಕೇಗೌಡನನ್ನು ತಡೆದು, "ಎಲ್ಲಿಗೆ ಹೊರಟೆ?" ಎಂದರಂತೆ. ಈ ಪುಣ್ಯಾತ್ಮ, "ದೊಡ್ಡ ಕುಳ ಅಣಿಸಾಕೆ ಬುದ್ಧಿ" ಎಂದನಂತೆ. ಇನ್ನೇನು ಬೇಕು?

"ನೇಗ್ಲು ಕುಳ ಬುದ್ಧಿ! ನೇಗ್ಲು ಕುಳ! ಎಷ್ಟು ದಪ ಏಳ್ಲಿ?" ಎಂದು ಅವನು ಬಾಯಿ ಬಡಿದುಕೊಳ್ಳುತ್ತಿದ್ದ.

"ಈಗ ಕಟ್ಟಿ ಹೇಳ್ತಿದಾನೆ ದಫೇದಾರ್ರೇ," ಎಂದರು ಸಾಹುಕಾರರು. "ನೇಗಿಲಿಗೆ ಮೂತಿ ಇರತ್ತಾ? ನನ್ನ ಮೂಗು ಹೀಗಿದೆ ಅಂತ ತಾನೆ ಮೂತಿ ಮೊಂಡು ಅಂದಿದ್ದು? ಕಾಯಿಸಿ ಬಡೀತೀನಿ ಅಂದ. ದಾರಿಗೆ ತರ್ತೀನಿ ಅಂದ. ನಾನು ಈ ಕಿವಿಯಿಂದ ಕೇಳಿದೀನಿ. ಇಷ್ಟೇ ಅಲ್ಲ," ಎಂದು ನನ್ನತ್ತ ನೋಡಿ ದನಿ ತಗ್ಗಿಸಿ, "ಮೇಷ್ಟ್ರ ಮನೆಯಾಕೆ ಒಂದು ಈಳಿಗೇನೂ ಕೊಟ್ರು. ಜನ ಸೇರೋಕೆ ಮೊದಲೇ ಮುಗಿಸು ಅಂದ್ರು."

ನನ್ನ ಕೈಯಲ್ಲಿದ್ದ ರಂಗೋಲಿ ಬಟ್ಟಲು ಅಲ್ಲೇ ಬಿತ್ತು. ಸೋಮವಾರ ಉಪವಾಸ, ಶುಕ್ರವಾರ ಕುಂಕುಮಾರ್ಚನೆ, ಏಕಾದಶಿಗೆ ತೊಟ್ಟು ನೀರು. ಇಂಥ ನಾನು ಕೊಲೆಗೆ ಈಳಿಗೆ ಒದಗಿಸಿದವಳಾದೆ.

ಊರವರು ಯಾರಾದರೂ ಇದ್ದಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಹದ ಬಿದ್ದ ಬೆಳಗ್ಗೆ ಒಕ್ಕಲುಮನೆಯವರು ಬೀದಿಯಲ್ಲಿ ಇರುತ್ತಾರೆಯೆ? ಎಲ್ಲರೂ ಹೊಲ ಸೇರಿದ್ದರು. ಉಳಿದವರು ನಮ್ಮ ಬೀದಿಯವರೇ, ಕಚೇರಿಯವರು, ಪೂಜೆಯವರು. ದಫೇದಾರರು ಅತ್ತಿತ್ತ ನೋಡಿ, ಪಂಚೆ ಸರಿಪಡಿಸಿಕೊಳ್ಳುತ್ತಾ ಹೊರಗೆ ಬಂದ ನಮ್ಮವರನ್ನು ಕಂಡು, "ಮೇಷ್ಟ್ರೇ, ನೀವು ಕನ್ನಡ ಹೇಳಿಕೊಡೋರು. ಈ ಹಣಿಸು ಅನ್ನೋದಕ್ಕೆ ಅರ್ಥ ಏನು ಹೇಳಿ" ಎಂದರು.

ನಮ್ಮವರು ಸುಳ್ಳು ಹೇಳುವವರಲ್ಲ. ಅದು ಅವರ ಗುಣ. ಎಲ್ಲಿ ಸುಮ್ಮನಿರಬೇಕೋ ಅಲ್ಲೂ ಸುಮ್ಮನಿರುವವರಲ್ಲ. ಗಂಟಲು ಸರಿಮಾಡಿಕೊಂಡು, "ಹಣಿ ಎಂದರೆ ಹೊಡೆ, ಬಡಿ, ಸೋಲಿಸು. ಇಲ್ಲಿ 'ಇಸು' ಬಂದಿರೋದರಿಂದ ಪ್ರೇರಣಾರ್ಥಕ" ಎಂದರು.

"ಹಾಗಂದ್ರೆ?"

"ತಾನೇ ಹೊಡೆಯೋದಲ್ಲ. ಇನ್ನೊಬ್ಬರ ಕೈಲಿ ಹೊಡೆಸೋದು."

"ಅಯ್ಯೋ ದೇವರೇ!" ಎಂದರು ಸಾಹುಕಾರರು. "ಆಳು ಬೇರೆ ಗೊತ್ತುಮಾಡಿದಾನೆ!"

"ಯಾರಯ್ಯಾ ಹೊಡೆಯೋನು?" ಎಂದು ದಫೇದಾರರು ಗದರಿದರು.

"ಆಚಾರಿ ಬುದ್ಧಿ," ಎಂದ ಚಿಕ್ಕೇಗೌಡ, ನಿಜವನ್ನೇ. "ಇಬ್ರು ಅವ್ರೆ. ಒಬ್ಬ ಇಡ್ಕತಾನೆ, ಇನ್ನೊಬ್ಬ ಬಡೀತಾನೆ."

ಸಾಹುಕಾರರು ಕಂಬವನ್ನು ತಬ್ಬಿಕೊಂಡರು. ನಮ್ಮವರು ತಾವು ಹೇಳಿದ್ದರಲ್ಲಿ ತಪ್ಪೆಲ್ಲಿ ಎಂದು ಹುಡುಕುತ್ತಾ ನಿಂತರು. ವ್ಯಾಕರಣದಲ್ಲಿ ತಪ್ಪಿರಲಿಲ್ಲ, ಪಾಪ. ದಫೇದಾರರು, "ಸರಿ, ನಡಿ ಠಾಣೆಗೆ. ಮಂಡ್ಯದಿಂದ ದೊಡ್ಡವರು ಬರೋ ತನಕ ಕೂತಿರು" ಎಂದರು. ಆಗ ಚಿಕ್ಕೇಗೌಡ ಹೆದರಲಿಲ್ಲ, ಅತ್ತುಬಿಟ್ಟ. "ಠಾಣೆಯಾಗೆ ನಾಳೆ ಬೇಕಾರೆ ಇಡೀ ದಿನ ಕೂತ್ಕತೀನಿ ಬುದ್ಧಿ. ಇವತ್ತು ಬುಟ್ಬುಡಿ. ಹದ ಓಯ್ತದೆ. ಹದ ಓದ್ರೆ ಮಕ್ಳ ಬಾಯಿಗೆ ಏನಾಕ್ಲಿ?" ಎಂದ. ಬಿಸಿಲು ಆಗಲೇ ಜಗಲಿಯ ಮೆಟ್ಟಿಲಿಗೆ ಬಂದಿತ್ತು. ನಾನು ಆ ಬಿಸಿಲನ್ನು ನೋಡಿದೆ, ಅವನ ಮುಖ ನೋಡಿದೆ, ಸೆರಗು ಹೊದ್ದುಕೊಂಡು ಇಳಿದುಹೋದೆ. ಮನೆಯ ಗಂಡಸರು ಎದುರಿಗಿರುವಾಗ ಬೀದಿಯಲ್ಲಿ ನಿಂತು ಸರ್ಕಾರದವರೊಡನೆ ಮಾತಾಡಿದ್ದು ನನ್ನ ಆಯುಸ್ಸಿನಲ್ಲಿ ಅದೇ ಮೊದಲು. ಕಾಲು ನಡುಗುತ್ತಿತ್ತು. ಸೀರೆ ಉದ್ದವಾಗಿದ್ದದ್ದರಿಂದ ಯಾರಿಗೂ ಕಾಣಲಿಲ್ಲ. ಅದಕ್ಕೂ ಒಂದು ನಮಸ್ಕಾರ.

"ದಫೇದಾರ್ರೇ, ನರಸಿಂಹಸ್ವಾಮಿ ಆಣೆಯಾಗಿ ಹೇಳ್ತೀನಿ. ಈ ಚಿಕ್ಕೇಗೌಡನ ಮನಸ್ಸಿನಲ್ಲಿ ಸಾಹುಕಾರರನ್ನ ಮುಟ್ಟೋ ಯೋಚನೆ ಇಲ್ಲ. ಅವನು ಹೋಗ್ತಿದ್ದದ್ದು ಕುಲುಮೆಗೆ. ಕುಳ ಅಂದ್ರೆ ನೇಗಿಲಿನ ಕಬ್ಬಿಣ. ಹಣಿಸೋದು ಅಂದ್ರೆ ಅದನ್ನ ಕಾಯಿಸಿ ಬಡಿಸಿ ಮೊನೆ ಮಾಡಿಸೋದು."

"ನೀವು ಈಳಿಗೆ ಕೊಟ್ಟೋರು. ನೀವು ಬೇರೇನು ಹೇಳ್ತೀರಿ ತಾಯಿ?" ಎಂದರು ಸಾಹುಕಾರರು. ಅವರ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. "ಇವನೊಬ್ಬನೇ ಆಗಿದ್ರೆ ನಾನೂ ಸುಮ್ಮನಿರ್ತಿದ್ದೆ. ನನ್ನ ಆಳುಗಳೂ ಇದೇ ಮಾತು ಆಡ್ತಿದಾರೆ. 'ಕುಳ ಅಣಿಸ್ದೆ ಇಲ್ಲಿ ಕೆಲ್ಸ ನಡ್ಯಾಕಿಲ್ಲ' ಅಂತ ದಿನಾ ಅಂತಾರೆ. ನನಗೆ ಅನ್ನ ಸೇರ್ತಿಲ್ಲ."

ನನಗೆ ಆ ಗಳಿಗೆಯಲ್ಲಿ ಎಲ್ಲಿಂದಲೋ ಬೆಳಕು ಬಿದ್ದ ಹಾಗಾಯಿತು. "ಹಾಗೆಲ್ಲಿ ಅಂದ್ರು ಸಾಹುಕಾರ್ರೇ?" ಎಂದೆ.

"ಹೊಲದಲ್ಲೇ. ನೇಗಿಲು ನಿಲ್ಲಿಸಿಕೊಂಡು."

"ಯಾರ ಹತ್ತಿರ ಅಂದ್ರು?"

"ನನ್ನ ಹತ್ತಿರಾನೇ! ಎದುರಿಗೇ ನಿಂತು! ಎಷ್ಟು ಧೈರ್ಯ ನೋಡಿ!"

"ಅದಕ್ಕೆ ನೀವೇನಂದಿರಿ?"

"ಏನನ್ನಲಿ? ಎದೆ ಧಸಕ್ಕೆಂದಿತು. ಒಬ್ಬೊಬ್ಬರಿಗೂ ಒಂದೊಂದು ಹೊಸ ಟವಲು ಕೊಟ್ಟು, ಚೆನ್ನಾಗಿರ್ರಪ್ಪಾ ಅಂದೆ. ಮಾರನೇ ದಿನ ಮತ್ತೆ ಅದೇ! 'ಟವಲು ಇರ್ಲಿ ಬುದ್ಧಿ, ಕುಳ ಯಾವಾಗ ಅಣಿಸ್ಲಿ' ಅಂತ ಕೇಳ್ತಾರೆ."

"ಸಾಹುಕಾರ್ರೇ," ಎಂದೆ ನಾನು, "ನಿಮ್ಮನ್ನ ಬಡೀಬೇಕು ಅಂತ ಇರೋರು, ದಿನಾ ನಿಮ್ಮ ಎದುರಿಗೇ ಬಂದು, ಕೈಕಟ್ಟಿ ನಿಂತು, ಯಾವಾಗ ಬಡೀಲಿ ಅಂತ ನಿಮ್ಮ ಅಪ್ಪಣೆ ಕೇಳ್ತಾರೆಯೆ?"

ದಫೇದಾರರ ಹೊಟ್ಟೆ ಮೊದಲು ಅಲುಗಿತು. ಅದು ಮೀಸೆಗೆ ಹತ್ತಿತು. ಕೊನೆಗೆ ಅವರು ಪೇಟ ತೆಗೆದು ಜಗಲಿಯ ಮೇಲಿಟ್ಟು, ಕಣ್ಣು ಒರೆಸಿಕೊಂಡು ನಕ್ಕರು. ಚಿಕ್ಕೇಗೌಡ ಅಳುತ್ತಲೇ ನಕ್ಕ. ಸಾಹುಕಾರರು ನಮ್ಮೆಲ್ಲರ ಮುಖ ನೋಡಿ, ತಮ್ಮ ಮೂಗನ್ನು ಒಮ್ಮೆ ಮುಟ್ಟಿ ನೋಡಿಕೊಂಡು, "ಹಾಗಾದ್ರೆ ನನ್ನ ನೇಗಿಲಿಗೂ ಕುಳ ಇದೆಯೇ?" ಎಂದು ಕೇಳಿದರು. ಆ ಪ್ರಶ್ನೆ ಕೇಳಿದ ಮೇಲೆ ಅವರನ್ನು ದ್ವೇಷಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ದಫೇದಾರರು ಆದರೂ ಒಂದು ಸಲ ಕಣ್ಣಾರೆ ನೋಡಬೇಕೆಂದರು. ಎಲ್ಲರೂ ಕುಲುಮೆಗೆ ನಡೆದೆವು, ಮುಂದೆ ಪೇಟ, ಹಿಂದೆ ನಾನು. ಆಚಾರಿ ಆಗಲೇ ದೊಡ್ಡ ಕುಳವನ್ನು ಬೆಂಕಿಯಿಂದ ತೆಗೆದು ಅಡಿಗಲ್ಲಿನ ಮೇಲೆ ಇಟ್ಟಿದ್ದ. ಬೆಳಗಿನ ಸೂರ್ಯನ ಹಾಗೆ ಕೆಂಪಗಿತ್ತು. ಒಬ್ಬ ಹಿಡಿದ, ಇನ್ನೊಬ್ಬ ಬಡಿದ. ಒಂದೊಂದು ಏಟಿಗೂ ಸಾಹುಕಾರರು ತಾವೇ ತಿಂದವರಂತೆ ಕಣ್ಣು ಮುಚ್ಚುತ್ತಿದ್ದರು. ಮೊನೆ ಎದ್ದು, ನೀರಿನಲ್ಲಿ ಚುಯ್ಯೆಂದು ಹೊಗೆ ಬಂದಾಗ ನಾನು ಕುಲುಮೆಯ ಕಾಳಮ್ಮನಿಗೆ ಅಲ್ಲೇ ಕೈಮುಗಿದೆ. ನಮ್ಮವರು ಬಗ್ಗಿ ನೋಡಿ, "ಪ್ರೇರಣಾರ್ಥಕವೇ ಹೌದು" ಎಂದು ಮೆಲ್ಲಗೆ ಹೇಳಿದರು. ಇಷ್ಟೆಲ್ಲ ಮೆರೆದವಳ ಗರ್ವವನ್ನು ಇಳಿಸುವ ಕೆಲಸ ಆಚಾರಿಯ ಪಾಲಿಗೆ ಬಂತು. ಗೋಣಿ ಬಿಚ್ಚಿ ನನ್ನ ಈಳಿಗೆ ಎತ್ತಿಹಿಡಿದು, "ಯಾರ್ದಪ್ಪ ಇದು? ಈಳಿಗೆ ಅಂದ್ಕಂಡು ತಂದವ್ರಾ? ಇದ್ರಲ್ಲಿ ಬೆನ್ನು ಕೆರ್ಕಬೋದು ಅಷ್ಟೇಯ" ಎಂದ. "ಸದ್ಯ, ಇದೇನಾ ಆಯುಧ?" ಎಂದರು ದಫೇದಾರರು. ಸಾಹುಕಾರರೂ ಆಗಲೇ ಮೊದಲ ಸಲ ನಕ್ಕದ್ದು.

ಹಾಗೆ ನಕ್ಕ ಸಾಹುಕಾರರು ಕೆಲಸವನ್ನೂ ಮಾಡಿದರು. ತಡವಾದ ಚಿಕ್ಕೇಗೌಡನನ್ನು ತಮ್ಮ ಗಾಡಿಯಲ್ಲೇ ಹೊಲಕ್ಕೆ ಕಳಿಸಿದರು. ಅವನ ಜೊತೆಗೆ ತಮ್ಮದೊಂದು ಜೋಡಿ ಎತ್ತನ್ನೂ ಕೊಟ್ಟರು. ಹೊತ್ತು ಇಳಿಯುವುದರೊಳಗೆ ನಮ್ಮ ಹೊಲ ಪೂರ್ತಿ ಉತ್ತಾಗಿತ್ತು. ಮಾರನೆಯ ದಿನದ ಬಿಸಿಲು ಬಂದು ನೋಡಿದಾಗ ಅದಕ್ಕೆ ಮಾಡುವುದಕ್ಕೆ ಕೆಲಸ ಉಳಿದಿರಲಿಲ್ಲ. ಬದುವನ್ನೂ ಅದೇ ವಾರ ಕಟ್ಟಿಸಿಕೊಟ್ಟರು.

ಆಮೇಲೆ ಆ ಮಾತಿಗೆ ಬಂದ ಯೋಗವನ್ನು ಏನೆಂದು ಹೇಳಲಿ! ನಮ್ಮ ಬೀದಿಯಲ್ಲಿ 'ಹರಿತ ಮಾಡಿಸು' ಎನ್ನುವವರೇ ಇಲ್ಲವಾದರು. ಸಾಹುಕಾರರಂತೂ ಕ್ಷೌರದ ಕತ್ತಿಯಿಂದ ಹಿಡಿದು ಬರೆಯುವ ಸೀಸದಕಡ್ಡಿಯ ತನಕ ಎಲ್ಲವನ್ನೂ ಹಣಿಸತೊಡಗಿದರು. ಒಂದು ದಿನ ಮಗನನ್ನು ಕರೆತಂದು, "ಇವನ ಬುದ್ಧಿ ಸ್ವಲ್ಪ ಹಣಿಸಿಕೊಡಿ ಮೇಷ್ಟ್ರೇ" ಎಂದರು. ನಮ್ಮವರು ಬಹಳ ಹೊತ್ತು ಯೋಚಿಸಿ, ಬೆತ್ತವನ್ನು ಒಳಗಿಟ್ಟು, ಪುಸ್ತಕ ತೆಗೆದರು. ಅತ್ತೆಯವರು ಬಂದವರಿಗೆಲ್ಲ, "ನಮ್ಮ ಮನೇಲಿ ಮೊದಲಿನಿಂದಲೂ ಹಾಗೇ ಹೇಳೋದು" ಎಂದರು. ನಾನು ದೇವಸ್ಥಾನದಲ್ಲಿ ಅರ್ಚಕರ ಹೆಂಡತಿಗೆ, ಬಾವಿಕಟ್ಟೆಯಲ್ಲಿ ನೀರಿಗೆ ಬಂದವರಿಗೆ, ರೈಲಿನಲ್ಲಿ ಮಂಡ್ಯಕ್ಕೆ ಹೋಗುವಾಗ ಎದುರಿಗೆ ಕೂತ ಅಪರಿಚಿತ ಮುದುಕಿಗೆ ಕೂಡ ಈ ಕಥೆ ಹೇಳಿದೆ. ಮುದುಕಿ ಮಂಡ್ಯಕ್ಕೆ ಮುಂಚೆ ಹನಕೆರೆಯಲ್ಲೇ ಇಳಿದುಬಿಟ್ಟಳು. ಅದು ಅವಳ ಊರೇ ಇದ್ದೀತು.

ರಾಗಿ ಚೆನ್ನಾಗಿ ಬಂತು. ಕೊಯ್ಲು ಮುಗಿದು, ಚಳಿ ಬಿದ್ದ ಮೇಲೆ ಚಿಕ್ಕೇಗೌಡ ಒಂದು ಮಂಕರಿ ತುಂಬ ಅವರೆಕಾಯಿ ತಂದು ಹಿತ್ತಿಲಲ್ಲಿ ಇಳಿಸಿದ. ನಾನು ಅವನಿಗೆ ಕುಡಿಯಲು ಮಜ್ಜಿಗೆ ಕೊಟ್ಟು, "ಅವತ್ತು ಆ ಸಾಹುಕಾರರು ಎಂಥ ಮಾತನ್ನ ಹೇಗೆ ತಿಳಿದುಕೊಂಡ್ರು ನೋಡಪ್ಪಾ" ಎಂದು ಮತ್ತೆ ಮೊದಲಿನಿಂದ ಶುರುಮಾಡಿದೆ. ಅವನು ಲೋಟ ಕೆಳಗಿಟ್ಟು, ತಲೆ ಕೆರೆದುಕೊಂಡು, ಗೋಡೆಯ ಕಡೆ ನೋಡಿ, ಧ್ವನಿ ತಗ್ಗಿಸಿದ.

"ಅಮ್ಮಾರೇ, ಒಂದ್ಮಾತು ಏಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಅವತ್ತು ನಾನು ಕುಲ್ಮೆಗೇ ಓಗ್ತಿದ್ದುದ್ದು, ಅದ್ರಲ್ಲಿ ಸುಳ್ಳಿಲ್ಲ. ಆದ್ರೆ ಕುಳ ಅಣಿಸ್ಕಂಡು ತಿರುಗಿ ಬತ್ತಾ, ಆ ಸಾವ್ಕಾರಂಗೂ ನಾಕು ಬುಟ್ಟು ಓಗಾನ ಅಂತಾನೇ ಇದ್ದೆ ಕಣಮ್ಮಾರೇ. ಬದ ಕಡ್ಸಿದ್ನಲ್ಲಾ, ಒಟ್ಟೆ ಉರೀತಿತ್ತು. ನೀವು ಬೀದಿಗೆ ಬಂದು ನರಸಿಮ್ಮಸ್ವಾಮಿ ಮ್ಯಾಲೆ ಆಣೆ ಇಟ್ಬುಟ್ರಿ. ನಿಮ್ಮಂತೋರ ಆಣೆ ಸುಳ್ಳಾಗ್ಬಾರ್ದಲ್ಲಾ ಅಂತ ಬುಟ್ಬುಟ್ಟೆ."

ಅಷ್ಟು ಹೇಳಿ, ಮಜ್ಜಿಗೆ ಮುಗಿಸಿ, ಖಾಲಿ ಮಂಕರಿ ಹೆಗಲಿಗೇರಿಸಿಕೊಂಡು, ಹಗುರವಾಗಿ ಹೊರಟುಹೋದ. ನಾನು ಅವರೆಕಾಯಿಯ ರಾಶಿಯ ಎದುರಿಗೆ ಕೂತೇ ಇದ್ದೆ. ಗೋಡೆಯಾಚೆಯಿಂದ ಸಾಹುಕಾರರ ಸಂತೋಷದ ದನಿ ಬಂತು: "ಏನಂತೆ ತಾಯಿ ಗೌಡ? ಏನೋ ಗುಟ್ಟಾಗಿ ಹೇಳ್ತಿದ್ದ! ಮತ್ತೇನಾದ್ರೂ ಹಣಿಸಬೇಕಂತಾ?"

ಮದ್ದೂರಿಗೆಲ್ಲ ಮಾತಿನ ಅರ್ಥ ಹೇಳಿಕೊಂಡು ತಿರುಗಿದವಳು ನಾನು. "ಏನಿಲ್ಲ ಸಾಹುಕಾರ್ರೇ," ಎಂದೆ, "ಈ ಸಲ ಅವರೆ ಸೊಗಡು ಚೆನ್ನಾಗಿದೆಯಂತೆ. ನಿಮಗೂ ಕಳಿಸ್ತೀನಿ." ಕಳಿಸಿದೆ ಕೂಡ, ಒಳ್ಳೆಯ ಕಾಯನ್ನೇ ಆರಿಸಿ, ಎಂದಿಗಿಂತ ಒಂದು ಮೊರ ಹೆಚ್ಚಾಗಿಯೇ.